ನಿಮ್ಮ ಕಿವಿಯ ಗುಂಯ್ ನನಗೆ ಕೇಳಿಸುವುದಿಲ್ಲ

ರಿಪೋರ್ಟ್ ನಾರ್ಮಲ್ ಇದೆ ಅಂದರೆ ಮುಖ ಸಪ್ಪೆ ಮಾಡಿಕೊಳ್ಳುವವರು ನಮ್ಮಲ್ಲಿಗೆ ಬರುತ್ತಾರೆ. ನಾನು ಆಡಿಯಾಲಜಿಸ್ಟ್. ಯಾರಿಗೆ ಎಷ್ಟು ಕೇಳಿಸುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಶುಗರ್, ಬಿಪಿ ನಾರ್ಮಲ್ ಬಂದರೆ ಎಲ್ಲರಿಗೂ ಖುಷಿ, ಆದರೆ ಕಿವಿಮೊರೆತದವರಿಗೆ ಹಾಗಲ್ಲ. ಹಗಲೂ ರಾತ್ರಿ ಗುಂಯ್ ಅನ್ನುತ್ತಿದೆ, ನಿದ್ದೆ ಬರುತ್ತಿಲ್ಲ, ಮನೆಯವರು 'ನಮಗೇನೂ ಕೇಳಿಸ್ತಿಲ್ವಲ್ಲ' ಅಂತಾರೆ, ಕೊನೆಗೆ ಮಷೀನೂ ಮನೆಯವರ ಪರವಾಗಿ ಸಾಕ್ಷಿ ಹೇಳಿಬಿಟ್ಟರೆ ಆ ಮನುಷ್ಯನಿಗೆ ಹೇಗಾಗಬೇಡ?

ಟಿನ್ನಿಟಸ್ ಅಂದರೆ ಇದೇ. ಹೊರಗೆ ಸದ್ದಿಲ್ಲ, ಆದರೆ ಕೇಳಿಸುತ್ತದೆ. ಒಬ್ಬರಿಗೆ ಜೀರುಂಡೆ, ಇನ್ನೊಬ್ಬರಿಗೆ ಕುಕ್ಕರ್ ಕೂಗುವ ಮುಂಚಿನ ಸುಯ್, ಮತ್ತೊಬ್ಬರಿಗೆ ಸ್ಟೇಷನ್ ಸಿಗದ ರೇಡಿಯೋ. ನಾಡಿ ಬಡಿದ ಹಾಗೆ ಡಬ್ ಡಬ್ ಅನ್ನುವ ಒಂದು ವಿಧ ಇದೆ, ಅದು ಕೆಲವೊಮ್ಮೆ ಸ್ಟೆತಾಸ್ಕೋಪ್ ಇಟ್ಟರೆ ಡಾಕ್ಟರಿಗೂ ಕೇಳಿಸುತ್ತದೆ. ಆ ಥರ ಇದ್ದರೆ, ಇಲ್ಲವೇ ಒಂದೇ ಕಿವಿಯಲ್ಲಿ ಮೊರೆತ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸದೇ ಹೋದರಂತೂ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ. ಉಳಿದವರದ್ದು ಅವರಿಗೆ ಮಾತ್ರ ಕೇಳಿಸುವ ಸದ್ದು. ನಾನು ಎಷ್ಟೇ ಕಿವಿಗೊಟ್ಟರೂ ಪ್ರಯೋಜನವಿಲ್ಲ.

ಈಗ ಆ 'ನಾರ್ಮಲ್' ರಿಪೋರ್ಟ್ ತಯಾರಾಗುವುದು ಹೇಗೆ ಅಂತ ನೋಡಿ. ಹೆಡ್‌ಫೋನ್ ಹಾಕಿ, ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಸಣ್ಣಗೆ ಬೀಪ್ ಕೊಡುತ್ತೇವೆ. ಕೇಳಿಸಿದರೆ ಬೆರಳೆತ್ತಬೇಕು. 250 ಹರ್ಟ್ಸ್‌ನ ದಪ್ಪ ಸ್ವರದಿಂದ 8000 ಹರ್ಟ್ಸ್‌ನ ಕೀರಲು ಸ್ವರದವರೆಗೆ ಹೀಗೆ ನಡೆಯುತ್ತದೆ. ಅಂದರೆ ಆಡಿಯೋಗ್ರಾಂ ಅನ್ನೋ ಆ ಗ್ರಾಫ್ ಪೂರ್ತಿ ನಿಂತಿರುವುದು ರೋಗಿಯ ಮಾತಿನ ಮೇಲೆಯೇ! ಬೀಪ್ ಕೇಳಿಸ್ತು ಅಂತ ಬೆರಳೆತ್ತಿದರೆ ನಂಬುತ್ತೇವೆ, ಬೀಪ್ ಇಲ್ಲದಾಗಲೂ ಏನೋ ಕೇಳಿಸ್ತಿದೆ ಅಂದರೆ ಅನುಮಾನಿಸುತ್ತೇವೆ. ಇದು ಯಾವ ನ್ಯಾಯ? ಮಾತಾಡದ ಹಸುಗೂಸುಗಳಿಗೆ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಥರದ ಪರೀಕ್ಷೆ ಬೇರೆ. ಅದರಲ್ಲಿ ಬೆರಳೆತ್ತುವುದು ಬೇಕಿಲ್ಲ. ಆದರೆ ಅದು ಹೇಳುವುದು ಸದ್ದಿಗೆ ನರ ಪ್ರತಿಕ್ರಿಯಿಸಿತು ಅಂತ ಮಾತ್ರ. ಮಗುವಿಗೆ ಆ ಸದ್ದು ಹೇಗೆ ಕೇಳಿಸಿತು ಅಂತ ಯಾವ ತಂತಿಯೂ ಹೇಳಿಲ್ಲ.

ಇನ್ನೊಂದು ವಿಷಯ. 8000 ಹರ್ಟ್ಸ್‌ಗಿಂತ ಮೇಲೆ ಕಿವಿ ಕೆಟ್ಟಿದ್ದರೆ ಮಾಮೂಲಿ ಪರೀಕ್ಷೆಗೆ ಅದು ಸಿಗುವುದೇ ಇಲ್ಲ. ಹಾಗಾಗಿ ನಾರ್ಮಲ್ ಅಂದರೆ ನಾವು ಹುಡುಕಿದ ಜಾಗದಲ್ಲಿ ಏನೂ ಸಿಗಲಿಲ್ಲ ಅಂತ, ಅಷ್ಟೇ.

ಕಿವಿಯ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆಯೇನಲ್ಲ. ಒಳಗಿವಿಯ ಶಂಖದಲ್ಲಿ ಅಲೆ ಹೇಗೆ ಸಾಗುತ್ತದೆ ಅಂತ ತೋರಿಸಿದ್ದಕ್ಕೆ ವಿಜ್ಞಾನಿ ಗೆಯಾರ್ಗ್ ಫಾನ್ ಬೆಕೆಶಿಗೆ 1961ರಲ್ಲೇ ನೊಬೆಲ್ ಬಂತು. ಒಂದೊಂದು ಕಿವಿಯಲ್ಲಿ ಸುಮಾರು 3,500 ಒಳ ಕೂದಲು ಕೋಶಗಳು ಅಲುಗಾಟವನ್ನು ನರದ ಮಿಡಿತ ಮಾಡಿ ಮಿದುಳಿಗೆ ಕಳಿಸುತ್ತವೆ. ಇಷ್ಟಾದರೂ ಮಿಡಿತ ಯಾಕೆ ವೀಣೆಯಾಗಿ ಕೇಳಿಸಬೇಕು, ಸುಮ್ನೆ ಮಿಡಿತವಾಗಿಯೇ ಯಾಕೆ ಉಳಿಯಬಾರದು? ಇದಕ್ಕೆ ಉತ್ತರ ಇಲ್ಲ. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ 1974ರಲ್ಲಿ ಬಾವಲಿಯನ್ನು ಮುಂದಿಟ್ಟುಕೊಂಡು ಇದನ್ನೇ ಕೇಳಿದರು. ಬಾವಲಿ ಕೂಗಿ, ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತದೆ. ಅದರ ಕಿವಿ, ಮಿದುಳು, ಕೂಗು ಎಲ್ಲವನ್ನೂ ಅಳೆಯಬಹುದು, ಆದರೆ ಬಾವಲಿಯಾಗಿ ಇರುವುದು ಬಾವಲಿಗೆ ಹೇಗನ್ನಿಸುತ್ತದೆ ಅನ್ನೋದು ಆ ಅಳತೆಯಲ್ಲಿ ಬರುವುದಿಲ್ಲ. ಬಾವಲಿವರೆಗೆ ಯಾಕೆ ಹೋಗಬೇಕು, ನನ್ನ ಟೇಬಲ್ಲಿನ ಆಚೆ ಕುರ್ಚಿಯೇ ಸಾಕಷ್ಟು ದೂರದಲ್ಲಿದೆ.

ಮೊರೆತವನ್ನೂ ಅಳೆಯುತ್ತೇವೆ, ಒಂದು ರೀತಿಯಲ್ಲಿ. ನಾವು ಒಂದು ಸದ್ದು ಕೊಟ್ಟು 'ನಿಮ್ಮದು ಇದಕ್ಕಿಂತ ಜೋರಾ, ಮೆತ್ತಗಾ' ಅಂತ ಕೇಳುತ್ತಾ ಹೊಂದಿಸುತ್ತೇವೆ. ಬಹಳ ಜನರಲ್ಲಿ ಅದು ಅವರಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಹತ್ತು ಡೆಸಿಬಲ್‌ನೊಳಗೇ ನಿಂತುಬಿಡುತ್ತದೆ. ಪಿಸುಮಾತಿಗಿಂತ ಸಣ್ಣ ಸದ್ದು! 'ತಲೆಯೊಳಗೆ ವಿಮಾನ ಹಾರ್ತಿದೆ' ಅಂದವರ ಲೆಕ್ಕವೂ ಇಷ್ಟೇ. ಇದನ್ನು ನೋಡಿ ಜಾಸ್ತಿ ಮಾಡಿ ಹೇಳ್ತಿದ್ದಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡೆಸಿಬಲ್ ಹೇಳುವುದು ಯಾವ ಸದ್ದಿಗೆ ಅದು ಸಮ ಅಂತ. ಆ ಸದ್ದಿನ ಜೊತೆ, ನಿಲ್ಲಿಸುವ ಸ್ವಿಚ್ ಇಲ್ಲದೆ, ರಾತ್ರಿ ಎರಡು ಗಂಟೆಗೆ ಒಬ್ಬರೇ ಎದ್ದು ಕೂತಿರುವುದು ಹೇಗಿರುತ್ತದೆ ಅಂತ ಅದು ಹೇಳುವುದಿಲ್ಲ.

ಚಿಕಿತ್ಸೆಗೆ ಬರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳೇ ಕೇಳುತ್ತಾರೆ: ಮ್ಯಾಚ್ ನೋಡ್ತಾ ಕೂತಿದ್ದೆ, ಮುಗಿಯೋವರೆಗೂ ಗುಂಯ್ ನೆನಪೇ ಆಗಲಿಲ್ಲ, ಟಿವಿ ಆರಿಸಿದ ತಕ್ಷಣ ಮತ್ತೆ ಬಂತು, ಅಷ್ಟು ಹೊತ್ತು ಅದು ನಿಂತಿತ್ತಾ, ಇಲ್ಲಾ ಇತ್ತು, ನನಗೆ ಗೊತ್ತಾಗಲಿಲ್ವಾ?

ತತ್ವಶಾಸ್ತ್ರದ ತರಗತಿಗೆ ಹೋಗದವರೇ ಇದನ್ನು ಎಷ್ಟು ಸಲೀಸಾಗಿ ಕೇಳಿಬಿಡುತ್ತಾರೆ ನೋಡಿ. ಫ್ಯಾನ್ ಆಗಿದ್ದರೆ ಉತ್ತರ ಸುಲಭ. ನೀವು ಗಮನಿಸದಿದ್ದರೂ ಅದು ತಿರುಗುತ್ತಿತ್ತು, ಗಾಳಿ ಅಲುಗುತ್ತಿತ್ತು, ಬೇಕಿದ್ದರೆ ಮೊಬೈಲಲ್ಲಿ ರೆಕಾರ್ಡ್ ಮಾಡಬಹುದಿತ್ತು. ಮೊರೆತಕ್ಕೆ ಅಂಥದ್ದೊಂದು ಹೊರಗಿನ ಇರುವಿಕೆ ಎಲ್ಲಿದೆ? ನರಗಳು ಮ್ಯಾಚಿನ ಹೊತ್ತಿನಲ್ಲೂ ಮಿಡಿಯುತ್ತಲೇ ಇದ್ದಿರಬಹುದು, ಆದರೆ ನಿಮ್ಮ ದೂರು ನರದ ಮಿಡಿತದ ಮೇಲಲ್ಲ, ಸದ್ದಿನ ಮೇಲೆ ಅಲ್ವಾ? ಅನುಭವದ ವಿಷಯದಲ್ಲಿ ತೋರುವುದು ಬೇರೆ, ಇರುವುದು ಬೇರೆ ಅಂತಿಲ್ಲ ಅನ್ನೋದು ತತ್ವಜ್ಞಾನಿ ಜಾನ್ ಸರ್ಲ್ ಅವರ ವಾದ. ಗಮನ ಇಲ್ಲದಿದ್ದರೂ ಅನುಭವ ಹಿನ್ನೆಲೆಯಲ್ಲಿ ಇರುತ್ತದೆ ಅನ್ನುವವರೂ ಇದ್ದಾರೆ, ಅವರ ಜಗಳ ಮುಗಿದಿಲ್ಲ. ನನ್ನನ್ನು ಕೇಳಿದರೆ, ಆ ಹೊತ್ತಿನಲ್ಲಿ ಗುಂಯ್ ಇರಲಿಲ್ಲ. ಕೇಳಿಸುವುದರಲ್ಲೇ ಇರುವ ವಸ್ತು, ಕೇಳಿಸದಾಗ ಎಲ್ಲಿರುತ್ತದೆ?

ಇದು ಕಾಡುಹರಟೆಯಲ್ಲ, ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಕಿವಿಮೊರೆತವನ್ನು ಖಂಡಿತವಾಗಿ ನಿಲ್ಲಿಸುವ ಮಾತ್ರೆ ಇಲ್ಲ. ಕೇಳುವಿಕೆ ಕಡಿಮೆಯಿದ್ದರೆ ಹಿಯರಿಂಗ್ ಏಡ್, ರಾತ್ರಿ ಹಿನ್ನೆಲೆಗೆ ಮೆತ್ತನೆ ಸದ್ದು, ಕೌನ್ಸೆಲಿಂಗ್, ಸಿಬಿಟಿ ಅನ್ನೋ ಯೋಚನೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ, ಹೀಗೆ ಹೋಗುತ್ತೇವೆ. ಇವೆಲ್ಲದರ ಗುರಿ ಮಿದುಳು ಅದನ್ನು ಲೆಕ್ಕಕ್ಕೆ ತಗೊಳ್ಳದ ಹಾಗೆ ಮಾಡುವುದು. ಇದನ್ನು ಹೇಳಿದಾಗ 'ಹಾಗಾದ್ರೆ ವಾಸಿಯಾಗಲ್ಲ, ಅಭ್ಯಾಸ ಆಗುತ್ತೆ, ಅಷ್ಟೇನಾ?' ಅಂತ ಬೇಜಾರಾಗುತ್ತಾರೆ. ಕೆಟ್ಟ ಹಲ್ಲಿನ ವಿಷಯದಲ್ಲಾದರೆ ಆ ಬೇಜಾರು ಸರಿ, ನೋವು ಮರೆತರೂ ಹುಳುಕು ಹಲ್ಲನ್ನು ತಿನ್ನುತ್ತಲೇ ಇರುತ್ತದೆ. ಗುಂಯ್ ಹಾಗಲ್ಲ. ಡಾಕ್ಟರ್ ನೋಡಿ ಬೇರೆ ಕಾಯಿಲೆ ಇಲ್ಲ ಅಂದಮೇಲೆ, ಎಂಟು ಗಂಟೆ ಅದು ಕೇಳಿಸಲಿಲ್ಲ ಅಂದರೆ ಎಂಟು ಗಂಟೆ ನಿಮಗೆ ಅದು ಇರಲಿಲ್ಲ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವವರು ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೋ ಹೇಳಿ ಅಂದರು. ಶೇಕಡಾ 94ರಷ್ಟು ಜನ ಗುಂಯ್, ಸುಯ್ ಅಂತ ಏನೋ ಒಂದು ಕೇಳಿಸ್ತು ಅಂದರು. ಕಿವಿಗೊಟ್ಟು ಹುಡುಕಿದರೆ ಹೆಚ್ಚುಕಮ್ಮಿ ಎಲ್ಲರಿಗೂ ಏನಾದರೂ ಸಿಗುತ್ತದೆ, ಹುಡುಕುವುದೇ ಅರ್ಧ ತೊಂದರೆ.

ಮನೆಯವರಿಗೆ ನಾನು ಹೇಳುವುದೂ ಇದನ್ನೇ. ಮೊದಲು 'ನಮಗೇನೂ ಕೇಳಿಸ್ತಿಲ್ವಲ್ಲ' ಅಂತ ನಕ್ಕವರು ನಗು ನಿಲ್ಲಿಸಿದ ಮೇಲೆ ತುಂಬ ಪ್ರೀತಿಯಿಂದ ಇನ್ನೊಂದು ಶುರು ಮಾಡುತ್ತಾರೆ, ಕಾಫಿ ಕೊಡುವಾಗೆಲ್ಲ 'ಈಗ್ಲೂ ಕೇಳಿಸ್ತಿದೆಯಾ?' ಅಂತ ಕೇಳುವುದು. ಉತ್ತರ ಹೇಳಬೇಕಾದರೆ ಅವರು ಕಿವಿಗೊಟ್ಟು ಹುಡುಕಬೇಕು, ಹುಡುಕಿದರೆ ಸಿಕ್ಕೇ ಸಿಗುತ್ತದೆ. ನಾವು ಬಳಸುವ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿಯಲ್ಲಿ 25 ಪ್ರಶ್ನೆಗಳಿವೆ. ನಿದ್ದೆ ಕೆಡುತ್ತದಾ, ಓದಲು ಆಗುತ್ತದಾ, ಮನೆಯವರ ಜೊತೆ ಕಿರಿಕಿರಿ ಆಗುತ್ತದಾ, ಇಂಥವು. ಮನೆಯಲ್ಲೂ ಅದನ್ನೇ ಕೇಳಿ. ನಿದ್ದೆ ಬಂತಾ, ಪೇಪರ್ ಪೂರ್ತಿ ಓದಿದ್ರಾ ಅಂದರೆ ಸಾಕು, ಗುಂಯ್ ವಿಷಯ ಅವರಾಗಿ ಎತ್ತಿದರೆ ಎತ್ತಲಿ.