ತನ್ನ ಒಲೆ ತಾನೇ ಊದಿಕೊಳ್ಳುವ ಎಂಜಿನ್

ಕಳೆದ ರಜೆಯಲ್ಲಿ ವಾಡಿಯಿಂದ ಅಕ್ಕನ ಮಗನನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಉಗಿ ಎಂಜಿನ್ ಮುಂದೆ ನಿಂತು ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾಮಾ, ಇದು ಛುಕ್ ಛುಕ್ ಅಂತ ಯಾಕ ಅಂತಿತ್ತು?"

ವಾಡಿ ಹುಡುಗ ಕೇಳಬೇಕಾದ ಪ್ರಶ್ನೆಯೇ. ಮುಂಬೈ ಕಡೆಯ ಹಳಿ ಕಲಬುರಗಿ, ವಾಡಿ, ಯಾದಗಿರಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ನೂರು ವರ್ಷಕ್ಕೂ ಜಾಸ್ತಿ ಆ ಸದ್ದು ಕೇಳಿದ ಊರು ಅದು.

ಸದ್ದು ಚಕ್ರದ್ದಲ್ಲ, ಹೊಗೆ ಕೊಳವೆಯದು. ಬಾಯ್ಲರಿನ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ತಳ್ಳಿದ ಮೇಲೂ ಉಗಿಯಲ್ಲಿ ಒಂದಿಷ್ಟು ಕಸುವು ಉಳಿದಿರುತ್ತದೆ. ಅದನ್ನು ಸುಮ್ನೆ ಬಿಡುವುದಿಲ್ಲ. ಕಿರಿದಾದ ಬಾಯಿಂದ ಹೊಗೆ ಕೊಳವೆಯೊಳಕ್ಕೆ, ನೇರ ಮೇಲಕ್ಕೆ ಚಿಮ್ಮಿಸುತ್ತಾರೆ. ಅದೇ ಛುಕ್. ಹೋಗುವಾಗ ಅದು ಸುತ್ತಲಿನ ಹೊಗೆಯನ್ನೂ ಎಳೆದೊಯ್ಯುತ್ತದೆ. ಖಾಲಿಯಾದ ಜಾಗಕ್ಕೆ, ಅತ್ತ ಒಲೆಯ ಅಡಿಯಿಂದ ಹೊಸ ಗಾಳಿ ಕೆಂಡದ ನಡುವೆ ನುಗ್ಗಿ ಬರುತ್ತದೆ. ಕಮ್ಮಾರನ ತಿದಿ ಗಾಳಿಯನ್ನು ತಳ್ಳುತ್ತದೆ, ಇದು ಎಳೆಯುತ್ತದೆ. ಕೆಲಸ ಒಂದೇ.

ಇದರಲ್ಲಿರುವ ಜಾಣತನ ನನಗೆ ಬಲು ಇಷ್ಟ. ಏರಿನಲ್ಲಿ ಭಾರ ಎಳೆಯುವಾಗ ಎಂಜಿನ್ನಿಗೆ ಹೆಚ್ಚು ಉಗಿ ಬೇಕು. ಹೆಚ್ಚು ಉಗಿ ಹೊರಬಿದ್ದರೆ ಗಾಳಿಯ ಎಳೆತವೂ ಜೋರು, ಬೆಂಕಿಯೂ ಜೋರು, ಮತ್ತೆ ಉಗಿ ತಯಾರು! ಯಾರೂ ಹೇಳಬೇಕಿಲ್ಲ. ಕಲ್ಲಿದ್ದಲು ಮಾತ್ರ ಫೈರ್‌ಮನ್ನೇ ಹಾಕಬೇಕು, ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲೂ. ಪಾಪ.

ಎರಡು ಸಿಲಿಂಡರ್, ಒಂದೊಂದರಲ್ಲೂ ಪಿಸ್ಟನ್ನಿನ ಎರಡೂ ಬದಿಗೆ ಸರದಿಯಂತೆ ಉಗಿ. ಹಾಗಾಗಿ ಚಕ್ರದ ಒಂದು ಸುತ್ತಿಗೆ ನಾಲ್ಕು ಛುಕ್. 1947ರಲ್ಲಿ ಬಂದ, ಪ್ರಯಾಣಿಕರ ಗಾಡಿ ಎಳೆಯುತ್ತಿದ್ದ ಡಬ್ಲ್ಯುಪಿ ಎಂಬ ಉಗಿ ಎಂಜಿನ್ನಿನ ದೊಡ್ಡ ಚಕ್ರದ ಅಡ್ಡಳತೆ ಸುಮಾರು 1.7 ಮೀಟರ್. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 750 ಛುಕ್. ಗಾಡಿ ಸ್ಟೇಷನ್ ಬಿಡುವಾಗ ಎಣಿಸಬಹುದು. ವೇಗ ಏರಿದ ಮೇಲೆ ಎಲ್ಲ ಕೂಡಿಕೊಂಡು ಒಂದೇ ಮೊರೆತ.

ರಾತ್ರಿ ಹುಡುಗ ಇಷ್ಟನ್ನೂ ಫೋನಿನಲ್ಲಿ ಅಜ್ಜಿಗೆ ಒಪ್ಪಿಸಿದ. ನಮ್ಮವ್ವನಿಗೆ ಹೊಸದೇನೂ ಅನಿಸಲಿಲ್ಲ. "ಒಲಿ ಊದಿದ್ರ ಕಿಡಿ ಹಾರಲ್ಲೇನು?" ಎಂದಳು.

ನಿಜವೇ. ಎಳೆತ ಜೋರಾದಾಗ ಅರ್ಧ ಉರಿದ ಕಲ್ಲಿದ್ದಲ ಚೂರುಗಳೂ ಹೊಗೆಯ ಜೊತೆ ಹಾರಿ ಹೊರಬರುತ್ತವೆ. ಸಣ್ಣವಳಿದ್ದಾಗ ಅವ್ವ ಶಹಾಬಾದಿಗೆ ಹೋಗುವಾಗಲೆಲ್ಲ ಕಿಟಕಿ ಪಕ್ಕದ ಜಾಗಕ್ಕೇ ಜಗಳ ತೆಗೆಯುತ್ತಿದ್ದಳಂತೆ. ಇಳಿಯುವಾಗ ಕಣ್ಣು ಕೆಂಪು, ಬಿಳಿ ಲಂಗ ಕಪ್ಪು.

"ಛುಕ್ ಅಂದ ಕೂಡ್ಲೆ ಕಣ್ ಮುಚ್ಕೋಬೇಕು ನೋಡು," ಎಂದು ಮೊಮ್ಮಗನಿಗೆ ಹೇಳಿಕೊಟ್ಟಳು.