ಕೊಡು ಅಂದರೆ ಅಂಟು, ಕೊಡಬೇಡ ಅಂದರೆ ಬಿಡಿ

ಸ್ಪ್ಯಾನಿಷ್‌ನಲ್ಲಿ ‘ಅದನ್ನು ನನಗೆ ಕೊಡು’ ಅನ್ನೋಕೆ ಒಂದೇ ಪದ ಸಾಕು: ದಾಮೆಲೊ. ಬಿಡಿಸಿ ನೋಡಿ. ದಾ ಅಂದರೆ ಕೊಡು, ಮೆ ಅಂದರೆ ನನಗೆ, ಲೊ ಅಂದರೆ ಅದನ್ನು. ನಾವು ವಸ್ತುವಿನ ಕಡೆ ಕೈ ತೋರಿಸಿ ಸುಮ್ನೆ ‘ಕೊಡು’ ಅಂದರೂ ಆಯ್ತು, ಅಲ್ವಾ? ಅಲ್ಲಿ ಆ ಲೊ ಸಾಮಾನ್ಯವಾಗಿ ಬೇಕೇ ಬೇಕು.

ಎಷ್ಟು ಬಾಲ ಸೇರಿಸಿದರೂ ಒತ್ತು, ಅಂದರೆ ಪದದಲ್ಲಿ ಜೋರಾಗಿ ಹೇಳುವ ಭಾಗ, ಮಾತ್ರ ಮೊದಲಿದ್ದ ಜಾಗ ಬಿಡುವುದಿಲ್ಲ. ‘ದಾಮೆ’ ಅಂತ ಬರೆಯುವಾಗ ಯಾವ ಗುರುತೂ ಬೇಡ. ಲೊ ಸೇರಿ ಪದ ಉದ್ದವಾದ ಕೂಡಲೇ ಅದೇ ‘ದಾ’ ಕೊನೆಯಿಂದ ಎಣಿಸಿದರೆ ಮೂರನೆಯದಾಗುತ್ತದೆ, ಹಾಗಾಗಿ ಆ ಸ್ವರದ ತಲೆ ಮೇಲೆ ಒಂದು ಓರೆಗೆರೆ ಎಳೆಯಲೇಬೇಕು.

ಈಗ ‘ಕೊಡಬೇಡ’ ಅನ್ನಿ: ನೊ ಮೆ ಲೊ ದೆಸ್. ಎಲ್ಲಾ ತಿರುಗಾಮುರುಗಾ! ಬಾಲವಾಗಿದ್ದ ಮೆ, ಲೊ ಎರಡೂ ಕ್ರಿಯಾಪದಕ್ಕಿಂತ ಮೊದಲು ಬಂದು ಬಿಡಿಬಿಡಿಯಾಗಿ ನಿಂತವು. ಕಲಿಯುವವರಿಗೆ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ನನಗೆ ಇದರ ಹಿಂದಿನ ಕಥೆಯೇ ಜಾಸ್ತಿ ಇಷ್ಟ.

ಈ ಪುಟಾಣಿ ಸರ್ವನಾಮಗಳಿಗೆ ಸ್ವಂತ ಒತ್ತಿಲ್ಲ, ಪಕ್ಕದ ಪದಕ್ಕೆ ಒರಗಿಕೊಂಡೇ ಇರಬೇಕು. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಇವುಗಳಿಂದ ವಾಕ್ಯ ಶುರು ಮಾಡುವ ಹಾಗೇ ಇರಲಿಲ್ಲ. ಅಪ್ಪಣೆಯ ಮಾತು ಶುರುವಾಗುವುದೇ ಕ್ರಿಯಾಪದದಿಂದ, ಹಾಗಾಗಿ ಸರ್ವನಾಮ ಅದರ ಬೆನ್ನಿಗೆ ಅಂಟಿಕೊಂಡಿತು. ‘ನೊ’ ಬಂದು ಮೊದಲ ಜಾಗ ಹಿಡಿದರೆ ಒರಗಲು ಅದೇ ಸಿಕ್ಕಿತು, ಕ್ರಿಯಾಪದದ ತನಕ ಕಾಯಬೇಕಿಲ್ಲ. ಹಳೆಯ ಫ್ರೆಂಚ್, ಇಟಾಲಿಯನ್‌ಗಳಲ್ಲೂ ಇದೇ ಕಟ್ಟು ಇತ್ತು. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಇಬ್ಬರ ಹೆಸರಲ್ಲೇ ಟೋಬ್ಲರ್–ಮುಸ್ಸಾಫಿಯಾ ನಿಯಮ ಅಂತ ಕರೆಯುತ್ತಾರೆ.

ಆಮೇಲೆ ಸ್ಪ್ಯಾನಿಷ್ ಆ ನಿಯಮ ಕೈಬಿಟ್ಟಿತು. ಇವತ್ತು ‘ನನ್ನ ಹೆಸರು...’ ಅನ್ನೋಕೆ ‘ಮೆ ಯಾಮೊ’ ಅಂತ ಸರ್ವನಾಮದಿಂದಲೇ ಶುರು ಮಾಡುತ್ತಾರೆ. ಪಕ್ಕದ ಪೋರ್ಚುಗಲ್‌ನಲ್ಲಿ ಮಾತ್ರ ಈಗಲೂ ‘ಶಾಮು-ಮೆ’, ಸರ್ವನಾಮ ಆಮೇಲೆಯೇ. ಸ್ಪ್ಯಾನಿಷ್‌ನಲ್ಲಿ ಉಳಿದ ವಾಕ್ಯಗಳೆಲ್ಲ ಬದಲಾದರೂ ಅಪ್ಪಣೆಗಳು ಹಳೇ ಕ್ರಮವನ್ನೇ ಹಿಡಿದುಕೊಂಡವು. ಮನೆಯಲ್ಲಿ ದಿನಾ ನೂರು ಸಲ ಬಾಯಿಗೆ ಬರುವ ಮಾತುಗಳಲ್ಲವೇ ಅವು!

ಅಲ್ಲಿಯ ಮಕ್ಕಳು ಹಳೇ ಕ್ರಮವನ್ನು ಇನ್ನೊಂದು ಕಡೆಯೂ ಕೇಳುತ್ತಾರೆ. ನಮ್ಮ ‘ಒಂದಾನೊಂದು ಕಾಲದಲ್ಲಿ’ ಇದ್ದ ಹಾಗೆ ಅವರ ಕಥೆಗಳು ‘ಏರಾಸೆ ಉನಾ ವೆಸ್’ ಅಂತ ಶುರುವಾಗುತ್ತವೆ. ಏರಾ ಅಂದರೆ ಇತ್ತು. ಅದರ ಬೆನ್ನಿಗೆ ಅಂಟಿದ ‘ಸೆ’ ಕೂಡ ಅಂಥದ್ದೇ ಒಂದು ಪುಟ್ಟ ಸರ್ವನಾಮ.