ಮೂರು ತಿಂಗಳ ಕೋರ್ಸ್ ಮಾಡಿದರೆ ಕೌನ್ಸೆಲರ್ ಆಗಬಹುದಾ?

ಪ್ರಶ್ನೆ: ನಾನು ಬಿ.ಕಾಂ. ಓದಿದ್ದೇನೆ, ವಯಸ್ಸು 38. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗೆ ಕಷ್ಟ ಬಂದರೂ ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ. ಇದನ್ನೇ ವೃತ್ತಿ ಮಾಡಿಕೊಳ್ಳೋಣ ಅಂತ ಆಸೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಒಂದನ್ನು ನೋಡಿಟ್ಟಿದ್ದೇನೆ. ಸಾಕಾ? ಈ ವಯಸ್ಸಲ್ಲಿ ಶುರು ಮಾಡಬಹುದಾ?

ಉತ್ತರ: ಕೋರ್ಸ್ ಸಾಲದು. ವಯಸ್ಸು ಅಡ್ಡಿಯಲ್ಲ. ಇದೇ ಪ್ರಶ್ನೆಯನ್ನು ತುಂಬ ಜನ ಕೇಳುತ್ತಿರುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲ. ಸೈಕಿಯಾಟ್ರಿಸ್ಟ್ ಅಂದರೆ ಡಾಕ್ಟರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು, ಇವರಿಬ್ಬರಿಗಿಂತ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವೃತ್ತಿಪರರ ಪಟ್ಟಿಯಲ್ಲಿ ಕೌನ್ಸೆಲರ್ ಇಲ್ಲ. 2021ರ ಅಲೈಡ್ ಹೆಲ್ತ್‌ಕೇರ್, ಅಂದರೆ ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳ, ಆಯೋಗದ ಕಾಯ್ದೆಯಲ್ಲಿ ಜಾಗ ಸಿಕ್ಕಿದೆ, ನೋಂದಣಿ ಮಾತ್ರ ಇನ್ನೂ ನೆಲೆಯೂರಬೇಕು. ಮೂರು ತಿಂಗಳ ಕೋರ್ಸುಗಳು ಅಣಬೆ ಥರ ಎದ್ದಿರುವುದು ಈ ಸಂದಿಯಲ್ಲೇ.

ಗಟ್ಟಿ ದಾರಿ ಅಂದರೆ ಸೈಕಾಲಜಿ ಅಥವಾ ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎರಡು ವರ್ಷದ ಎಂ.ಎ. ಇಲ್ಲವೇ ಎಂ.ಎಸ್ಸಿ. ಡಿಗ್ರಿಯಲ್ಲೇ ಸೈಕಾಲಜಿ ಓದಿರಬೇಕಾ, ಬೇಡವಾ ಅನ್ನುವುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ವಿಚಾರಿಸಿ. ಮುಂಚೆ ದೂರಶಿಕ್ಷಣದಲ್ಲೂ ಓದಬಹುದಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ ಸೈಕಾಲಜಿಯಲ್ಲಿ ದೂರಶಿಕ್ಷಣ, ಆನ್‌ಲೈನ್ ಡಿಗ್ರಿ ಎರಡನ್ನೂ ನಿಲ್ಲಿಸಿದೆ. ಮನೆ ನೋಡಿಕೊಂಡು ಓದುವವರಿಗೆ ಇದು ಕಷ್ಟವೇ. ಆದರೂ ನನಗೆ ತಪ್ಪು ಅನ್ನಿಸುವುದಿಲ್ಲ.

ಯಾಕೆ ತಪ್ಪಲ್ಲ ಅಂದರೆ, ಈ ಕೆಲಸದ ಕಲಿಕೆಯಲ್ಲಿ ಪುಸ್ತಕದ ಪಾಲು ಕಮ್ಮಿ. ನಾನು ಕೌನ್ಸೆಲಿಂಗ್ ಕಲಿಯುವಾಗ ತರಗತಿಯಲ್ಲಿ ಮೂರು ಮೂರು ಜನ ಕೂರುತ್ತಿದ್ದೆವು. ಒಬ್ಬರು ಕಷ್ಟ ಹೇಳುವವರು, ಒಬ್ಬರು ಕೌನ್ಸೆಲರ್, ಇನ್ನೊಬ್ಬರು ಸುಮ್ನೆ ನೋಡುತ್ತಾ ಬರೆದುಕೊಳ್ಳುವವರು. ಆಡಿದ ಮಾತನ್ನೆಲ್ಲ ಆಮೇಲೆ ಅಕ್ಷರಕ್ಕಕ್ಷರ ಬರೆದು ಮೇಷ್ಟ್ರಿಗೆ ತೋರಿಸಬೇಕಿತ್ತು. ನನ್ನ ಮೊದಲ ಸರದಿಯಲ್ಲಿ ಎದುರಿಗಿದ್ದ ಹುಡುಗಿ, "ಅಪ್ಪ ಹೋಗಿ ಆರು ತಿಂಗಳಾಯ್ತು. ಈಗಲೂ ಊಟಕ್ಕೆ ಐದು ತಟ್ಟೆ ಇಟ್ಟುಬಿಡ್ತೀನಿ" ಅಂದಳು. ನಾನು ತಕ್ಷಣ, "ಕಾಲವೇ ಎಲ್ಲ ಮರೆಸುತ್ತೆ ಕಣಮ್ಮ. ಈಗ ಅಮ್ಮನ್ನ ಚೆನ್ನಾಗಿ ನೋಡ್ಕೋ" ಅಂದೆ. ಒಳ್ಳೆಯ ಮಾತೇ ಅಲ್ವಾ? ನೋಡುತ್ತಾ ಕೂತಿದ್ದವರ ಹಾಳೆಯಲ್ಲಿ ಒಂದೇ ಪದ ಇತ್ತು: "ತಟ್ಟೆ?"

ಅವಳು ಐದನೇ ತಟ್ಟೆಯನ್ನು ನನ್ನ ಮುಂದಿಟ್ಟಿದ್ದಳು. ನಾನು ಅದನ್ನು ಎತ್ತಿ ಒಳಗಿಟ್ಟುಬಿಟ್ಟಿದ್ದೆ. "ಆ ತಟ್ಟೆ ಕಂಡಾಗ ಏನು ಮಾಡ್ತೀಯಾ?" ಅಂತ ಕೇಳಿದ್ದರೆ ಸಾಕಿತ್ತು.

ನಿಮ್ಮ ಹತ್ತಿರ ಎಲ್ಲರೂ ಕಷ್ಟ ಹೇಳಿಕೊಳ್ಳುತ್ತಾರೆ ಅಂದಿರಿ. ಅದು ಒಳ್ಳೆಯ ಗುಣ. ಆದರೆ ನಾವು ಬೆಳೆದಿರುವುದೇ ಬುದ್ಧಿಮಾತಿನಲ್ಲಿ. ಯಾರಾದರೂ ಅತ್ತರೆ ಬಾಯಿಗೆ ಮೊದಲು ಬರುವುದೇ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ". ಅದನ್ನು ತಡೆದು ಹಿಡಿಯಲು ನನಗೆ ಒಂದು ವರ್ಷ ಹಿಡಿಯಿತು. ವಿಡಿಯೊ ನೋಡಿದರೆ ಅದು ಬರುವುದಿಲ್ಲ, ತಪ್ಪು ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಬೇಕು.

ಭಾಷೆಯದು ಇನ್ನೊಂದು ಕಥೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಎದುರಿಗೆ ಬಂದವರು ಡಿಪ್ರೆಶನ್ ಅನ್ನುವುದಿಲ್ಲ, "ಬೇಜಾರು" ಅನ್ನುತ್ತಾರೆ. ಕರೆಂಟ್ ಹೋದರೂ ಬೇಜಾರು, ಗಂಡ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಬೇಜಾರು. ಯಾವ ಬೇಜಾರು ಅಂತ ಮೆಲ್ಲಗೆ ಕೇಳಲು ಬರಬೇಕು. ಬದುಕೇ ಬೇಡ ಅನ್ನುವ ಸುಳಿವು ಸಿಕ್ಕರೆ "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡದೆ ಮನೋವೈದ್ಯರಿಗೆ ತಲುಪಿಸಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತದೆ. ಆ ನಂಬರ್ ಬಾಯಿಪಾಠ ಇರಲಿ.

ಎಂ.ಎಸ್ಸಿ.ಗೆ ಹಾರುವ ಮುಂಚೆ ಕೆಲಸ ಒಗ್ಗುತ್ತದಾ ಅಂತ ನೋಡಬೇಕಿದ್ದರೆ ಎದುರುಬದುರು ಕೂತು ಕಲಿಸುವ ಡಿಪ್ಲೊಮಾ ಮಾಡಿ. ಬೆಂಗಳೂರಿನ ಪರಿವರ್ತನ್, ಬಂಜಾರಾ ಅಕಾಡೆಮಿಯಂಥ ಸಂಸ್ಥೆಗಳು ಬಹಳ ವರ್ಷದಿಂದ ಕೌನ್ಸೆಲಿಂಗ್ ಕಲಿಸುತ್ತಿವೆ. ಎಲ್ಲೇ ಸೇರಿ, ಫೀಸು ಕಟ್ಟುವ ಮುಂಚೆ ಇಷ್ಟು ಕೇಳಿ: ಎಷ್ಟು ಗಂಟೆ ನಿಜವಾದ ಜನರ ಜೊತೆ ಕೂರಿಸುತ್ತೀರಿ? ನಾನು ಆಡಿದ್ದನ್ನು ಯಾರು ಕೂತು ತಿದ್ದುತ್ತಾರೆ? ನಾನೂ ಕೌನ್ಸೆಲಿಂಗ್ ತೆಗೆದುಕೊಳ್ಳಬೇಕಾ? ಕೊನೆಯದಕ್ಕೆ "ಅದೆಲ್ಲ ಯಾಕೆ ಮೇಡಂ" ಅಂದರೆ ಎದ್ದು ಬನ್ನಿ. ನಮ್ಮ ಸಂಕಟ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅದು ಬೇರೆಯವರ ಮಾತಿಗೆ ಅಡ್ಡ ಬರುತ್ತದೆ. ನನಗೆ ಆ ತಟ್ಟೆ ಕಾಣದೆ ಹೋಗಿದ್ದೂ ಅದಕ್ಕೇ. ನನ್ನ ತಂದೆ ಹೋಗಿಯೂ ಆಗ ಎರಡು ವರ್ಷವಾಗಿತ್ತು.

ಇನ್ನು ವಯಸ್ಸು. "ತಟ್ಟೆ?" ಅಂತ ಬರೆದರಲ್ಲ, ಅವರು ಬ್ಯಾಂಕಿನಿಂದ ರಿಟೈರ್ ಆಗಿ, ಅರವತ್ತೊಂದಕ್ಕೆ ನಮ್ಮ ತರಗತಿಗೆ ಸೇರಿದವರು.